ಹನ್ನೊಂದು ದಿನದ ಮೇಡಂ

ಒಂದೂವರೆ ವರ್ಷ ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಒಂದು ಕಡೆ ಸೇರಿ ಕುರ್ಚಿ ಬೆಚ್ಚಗಾಗುವಷ್ಟರಲ್ಲಿ ಇನ್ನೊಂದು ಕಡೆಯಿಂದ ಕರೆ ಬಂತು. ಈ ಮಾತು ಯಾರಿಗೆ ಹೇಳಿದರೂ "ಅಯ್ಯೋ, ನಮ್ಮನೇಲೂ ಹಿಂಗೇ ಆಗಿತ್ತು" ಅನ್ನುತ್ತಾರೆ. ಆಗಿರಬಹುದು. ಆದರೆ ಆಮೇಲೆ ಆದದ್ದು ಯಾರ ಮನೆಯಲ್ಲೂ ಆಗಿರಲಿಕ್ಕಿಲ್ಲ.

ಮೊದಲು ಸಿಕ್ಕಿದ್ದು ಮಧುಗಿರಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವ ಕೆಲಸ. ನಾನು ಓದಿದ್ದು ಇಂಗ್ಲಿಷ್ ಮೀಡಿಯಂ ನಿಜ, ಆದರೆ ಯಾವ ಭಾಷೆಯಲ್ಲೂ ಬಾಯಿ ಬಿಡುವವಳಲ್ಲ. ಸೆಂಟರ್ ನಡೆಸುವ ಸರ್ ಮೊದಲ ದಿನವೇ ಹೇಳಿದ್ದರು: "ಮೇಡಂ, ಹಿಂದಿನವರು ಮೂರು ಜನ ತಿಂಗಳು ತುಂಬೋ ಮೊದಲೇ ಹೋದ್ರು. ಕೈ ಮುಗೀತೀನಿ, ನೀವಾದ್ರೂ ನಿಲ್ಲಿ." ನಾನು ನಿಲ್ಲುತ್ತೇನೆ ಎಂದು ತಲೆಯಾಡಿಸಿದ್ದೆ.

೧. ಬಸ್ಸಿನ ತೀರ್ಮಾನ

ಆರನೇ ದಿನ, ಸೋಮವಾರ. ಕೊರಟಗೆರೆಯಿಂದ ಮಧುಗಿರಿಗೆ ಹೋಗುವ ಬಸ್ಸಿನಲ್ಲಿ ಫೋನ್ ಬಂತು. ತಿರುಮಣಿ ಕಡೆಯ ಒಂದು ಸೋಲಾರ್ ಕಂಪನಿಯ ಆಫೀಸು. ಎಂಟು ತಿಂಗಳ ಹಿಂದೆ ಇಂಟರ್‌ವ್ಯೂ ಕೊಟ್ಟು ನಾನೇ ಮರೆತಿದ್ದೆ. ನನ್ನ ದನಿ ಅವರಿಗೆ ಕೇಳುತ್ತಿಲ್ಲ. "ಹಲೋ, ಹಲೋ" ಅನ್ನುತ್ತಿದ್ದಾರೆ. ಕಂಡಕ್ಟರ್ ನೋಡಿದ. ಡ್ರೈವರ್ ಕಡೆ ತಿರುಗಿ ಕೂಗಿದ:

"ಲೇ, ಹಾಡು ಆಫ್ ಮಾಡ್ಲಾ! ಮಗೀಗೆ ಕೆಲ್ಸದ ಫೋನ್ ಬಂದೈತೆ."

ಹಾಡು ನಿಂತಿತು. ಮಾತು ನಿಂತಿತು. ಐವತ್ತು ಜನ ಉಸಿರು ಹಿಡಿದು ನನ್ನ ಫೋನ್ ಕೇಳಿದರು. ಈಗಿನದಕ್ಕಿಂತ ಎಷ್ಟೋ ಒಳ್ಳೆಯ ಕೆಲಸ. ಆದರೆ ಶನಿವಾರದೊಳಗೆ ಈಗಿನ ಕಡೆಯಿಂದ ರಿಲೀವಿಂಗ್ ಲೆಟರ್ ಪಡೆದು ಕಳಿಸಬೇಕು, ಮುಂದಿನ ಸೋಮವಾರ ಸೇರಬೇಕು. ಇಲ್ಲದಿದ್ದರೆ ಪಟ್ಟಿಯಲ್ಲಿ ನನ್ನ ಕೆಳಗಿರುವವರಿಗೆ.

ಫೋನ್ ಇಟ್ಟದ್ದೇ ತಡ, ಪಕ್ಕದಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು, "ಏನಂತೆ ಕಣಮ್ಮ? ಇರೋ ಕೆಲ್ಸ ಬುಟ್ಬುಡ್ತೀಯಾ?" ಅಂದರು. ನಾನು ಉತ್ತರಿಸುವ ಮೊದಲೇ ಬಸ್ಸು ಎರಡು ಪಕ್ಷವಾಯಿತು. "ಸೇರಿ ವಾರ ಆಗಿಲ್ಲ, ಅದೆಂಗೆ ಬುಡ್ತಾಳೆ?" "ಬುಡ್ದೆ ಇನ್ನೇನು, ತಬ್ಕಂಡು ಕೂತ್ಕಂತಾಳಾ?" ಕೊನೆಗೆ ಕಂಡಕ್ಟರ್ ಗಂಟೆ ಹೊಡೆದು, "ಹೋಗ್ಲಿ ಅನ್ನೋರು ಕೈ ಎತ್ರಪ್ಪ" ಅಂದ. ಎಲ್ಲರೂ ಎತ್ತಿದರು. ನಿಂತಿದ್ದವರು ಎತ್ತಲು ಹೋಗಿ ಬ್ರೇಕಿಗೆ ಒಬ್ಬರ ಮೇಲೊಬ್ಬರು ಬಿದ್ದರು.

ಹಿಂದಿನ ಸೀಟಿನ ಯಜಮಾನರು ಮಾತ್ರ ಕೈ ಕಟ್ಟಿ ಕೂತಿದ್ದರು.

"ನಿಮ್ಗೇನಣ್ಣ ತೊಂದ್ರೆ?"

"ನನ್ ಮಗ್ಳು ಆಯಮ್ಮನ ಕ್ಲಾಸ್ನಾಗೇ ಅವ್ಳೆ ಕಣಯ್ಯಾ!"

೨. ಸಿಹಿ ಹಂಚಿದ ತಪ್ಪು

ಮನೆಯಲ್ಲಿ ಹೇಳಿದರೆ ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. "ಮೊನ್ನೆ ತಾನೆ ನಿಂಗೆ ಕೆಲ್ಸ ಸಿಕ್ತು ಅಂತ ಬೀದಿಗೆಲ್ಲ ಮೈಸೂರ್ ಪಾಕ್ ಹಂಚಿದೀನಿ. ಈಗ ಮತ್ತೆ ಹಂಚಿದ್ರೆ, ಮೊದಲ್ನೇದ್ರಿಂದ ಓಡಿಸ್ಬಿಟ್ರು ಅಂತಾರೆ. ಹಂಚ್ದೇ ಇದ್ರೆ, ಎಲ್ಲೋದ್ಲು ಮಗ್ಳು ಅಂತಾರೆ."

ಕೊನೆಗೆ ಪಾವಗಡದ ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ಕೆಲಸ ಒಪ್ಪಿದರೆ ನಾನು ಇರಬೇಕಾದದ್ದು ಅವರ ಮನೆಯಲ್ಲೇ. ಅವರ ಕನ್ನಡಕ್ಕೆ ತೆಲುಗು ಕಲಸದೆ ರುಚಿಯೇ ಬರುವುದಿಲ್ಲ.

"ರಾವೇ ತಲ್ಲಿ, ಬಾರಮ್ಮ! ರೂಮ್ ಖಾಲಿ ಐತೆ. ಕೆಲ್ಸ ಪರ್ಮನೆಂಟಾ?"

"ಇಲ್ಲ ಚಿಕ್ಕಮ್ಮ, ಮೊದಲು ಒಂದು ವರ್ಷ ನೋಡ್ತಾರಂತೆ."

"ಪರ್ವಾಲೇದು. ಇಲ್ಲೊಬ್ಬ ಹುಡುಗನ್ನ ನೋಡಿದೀನಿ. ಅವ್ನು ಪರ್ಮನೆಂಟು."

೩. ಮಾದರಿ ಪತ್ರ

ಸರ್ ಎದುರು ಮಾತು ಬರುವುದಿಲ್ಲ ಅಂತ ಗೊತ್ತಿತ್ತು. ಎಂಟನೇ ದಿನ, ಬುಧವಾರ, ಇಂಗ್ಲಿಷಿನಲ್ಲಿ ರಾಜೀನಾಮೆ ಬರೆದು ಅವರ ಕೈಗಿಟ್ಟು ನೆಲ ನೋಡುತ್ತಾ ನಿಂತೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರ ಕಣ್ಣು ತುಂಬಿ ಬಂತು.

"ಮೇಡಂ, ನಾಳೆ ಲೆಟರ್ ರೈಟಿಂಗ್ ಪಾಠ ಇರೋದು ನಂಗೇ ಮರೆತುಹೋಗಿತ್ತು. ನೀವು ಮಾದರಿ ರೆಡಿ ಮಾಡ್ಕೊಂಡೇ ಬಂದಿದೀರ! ಊರಿನ ಹೆಸರು, ಕಾರಣ, ಎಲ್ಲ ಥೇಟ್ ನಿಜವಾದ ರಾಜೀನಾಮೆ ಹಂಗೇ ಇದೆ!"

"ಅಲ್ಲ ಸರ್, ಅದು..."

ಅಷ್ಟರಲ್ಲಿ ಸರ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿದ್ದರು. ಮರುದಿನ ನನ್ನ ರಾಜೀನಾಮೆ ನನ್ನ ಕೈಯಿಂದಲೇ ತರಗತಿಗೆಲ್ಲ ಹಂಚಿಸಿ, "ಇದೇ ಥರ ಬರ್ಕೊಂಡು ಬನ್ನಿ" ಅಂದರು. ಯಾವ ಪದ ಬದಲಾಯಿಸಬೇಕೆಂದು ನಾನು ಹೇಳಲಿಲ್ಲ, ವಿದ್ಯಾರ್ಥಿಗಳೂ ಕೇಳಲಿಲ್ಲ. ಶುಕ್ರವಾರ ಒಂಬತ್ತು ಜನ ಅಕ್ಷರ ಬಿಡದೆ ನಕಲು ಮಾಡಿ ತಂದರು. ಕೆಳಗೆ ಸಹಿಯೂ ನನ್ನದೇ.

ಒಬ್ಬರು ಮಾತ್ರ ತಂದಿರಲಿಲ್ಲ. ಶಿರಾದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರು, ಎರಡು ಮಕ್ಕಳ ತಂದೆ.

"ಹೋಮ್‌ವರ್ಕ್ ಎಲ್ಲಿ?" ಅಂದೆ.

"ನೀವು ಕೊಟ್ಟ ಜೆರಾಕ್ಸ್‌ನ ನಮ್ ಅಂಗಡೀಲಿ ಟೇಬಲ್ ಮೇಲೆ ಇಟ್ಟಿದ್ದೆ ಮೇಡಂ. ನಮ್ ಮಾಲೀಕ್ ನೋಡಿದ್ರು. ಇಂಗ್ಲಿಷ್ ಬರಲ್ಲ ಅವ್ರಿಗೆ. ತಿರುಮಣಿ ಅನ್ನೋದೊಂದೇ ಓದಕ್ಕಾಯ್ತು. 'ಅರೇ ಭಾಯ್, ನೀನೂ ಸೋಲಾರ್‌ಗೆ ಹೊಂಟೆಯಾ' ಅಂತ ಗಾಬ್ರಿಯಾಗಿ, ಕಾಗ್ದ ಕಿತ್ಕೊಂಡು, ಚಾಯ್ ಕುಡ್ಸಿ, ಸಂಬ್ಳ ಜಾಸ್ತಿ ಮಾಡಿದ್ರು."

ನನ್ನ ಪತ್ರ ಶಿರಾದಲ್ಲಿ ಕೆಲಸ ಮುಗಿಸಿತ್ತು. ಮಧುಗಿರಿಯಲ್ಲಿ ಇನ್ನೂ ಶುರುವೇ ಆಗಿರಲಿಲ್ಲ.

೪. ಪಾಸ್‌ಪೋರ್ಟ್ ಸೈಜ್ ಫೋಟೊ

ಶನಿವಾರ ಬೆಳಿಗ್ಗೆ ಸರ್ ಕರೆದರು. ಮೇಜಿನ ಮೇಲೆ ಒಂಬತ್ತು ಕಾಗದ.

"ಎಲ್ರೂ ಚೆನ್ನಾಗಿ ಬರೆದಿದಾರೆ ಮೇಡಂ. ಒಂದೇ ಅನುಮಾನ. ಎಲ್ರೂ ನಿಮ್ಮ ಹೆಸರಲ್ಲೇ ಯಾಕೆ ರಾಜೀನಾಮೆ ಕೊಟ್ಟಿದಾರೆ?"

ಇನ್ನು ಸುಮ್ಮನಿದ್ದರೆ ಸಂಜೆಗೆ ಕೆಲಸ ಬೇರೆಯವರ ಪಾಲು. ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ: "ಯಾಕಂದ್ರೆ ಸರ್, ಅದು ನಿಜವಾಗ್ಲೂ ನನ್ನ ರಾಜೀನಾಮೆ. ಸೋಲಾರ್ ಕಂಪನೀಲಿ ಕೆಲಸ ಸಿಕ್ಕಿದೆ. ಇವತ್ತು ನೀವು ರಿಲೀವಿಂಗ್ ಲೆಟರ್ ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ." ಆ ಸೆಂಟರಿನಲ್ಲಿ ನಾನು ಆಡಿದ ಅತಿ ಉದ್ದದ ಮಾತು ಅದೇ.

ಸರ್ ನೀರು ಕುಡಿದರು. ಗೋಡೆ ನೋಡಿದರು.

"ನೀವು ಬಂದು ಎಷ್ಟು ದಿನ ಆಯ್ತು?"

"ಇವತ್ತಿಗೆ ಹನ್ನೊಂದು, ಸರ್."

"ಹನ್ನೊಂದೇ ದಿನಕ್ಕೆ ಕಂಪನಿ ಕೆಲಸ!"

ಹಂಗಿಸುತ್ತಿದ್ದಾರೆ ಅಂದುಕೊಂಡು ನಾನು ಅತ್ತೇಬಿಟ್ಟೆ. ಅವರು ಅದಕ್ಕೆ ಗಮನವನ್ನೇ ಕೊಡದೆ ತಾವೇ ಕೂತು ಲೆಟರ್ ಟೈಪ್ ಮಾಡಿ, ಸೀಲ್ ಒತ್ತಿ ಕೊಟ್ಟರು. "ಒಂದು ಪಾಸ್‌ಪೋರ್ಟ್ ಸೈಜ್ ಫೋಟೊ ಇದ್ರೆ ಕೊಡಿ ಮೇಡಂ" ಅಂದರು. ಫೈಲಿಗೆ ಇರಬೇಕು ಅಂತ ಕೊಟ್ಟೆ. ಎಂಥ ದೊಡ್ಡ ಮನಸ್ಸು ಅಂತ ಸಂಜೆಯೆಲ್ಲ ಮನೆಯಲ್ಲಿ ಹೊಗಳಿದೆ.

ಸೋಮವಾರ ಪಾವಗಡಕ್ಕೆ ಹೋಗುವ ಬಸ್ಸು ಮಧುಗಿರಿ ಸ್ಟ್ಯಾಂಡಿಗೆ ಬಂದು ನಿಂತಿತು. ಕಿಟಕಿಯಾಚೆ ನೋಡಿದೆ. ನನ್ನ ಮುಖ! ಬಸ್ಸಿನ ಬಾಗಿಲಿನಷ್ಟು ಎತ್ತರದ ಫ್ಲೆಕ್ಸು. ನನ್ನ ತಲೆಯ ಹಿಂದೆ ದೇವರಿಗೆ ಬರೆಯುವಂಥ ಪ್ರಭೆ. ಕೆಳಗೆ ಕೆಂಪಕ್ಷರ: "ಹಾರ್ದಿಕ ಅಭಿನಂದನೆಗಳು! ನಮ್ಮ ಸಂಸ್ಥೆಗೆ ಸೇರಿದ ಕೇವಲ ಹನ್ನೊಂದೇ ದಿನಗಳಲ್ಲಿ ಸೋಲಾರ್ ಕಂಪನಿಗೆ ಆಯ್ಕೆಯಾದ ಪ್ರತಿಭೆ. ಇಂದೇ ಸೇರಿರಿ."

ದುಪ್ಪಟ್ಟಾ ಮುಖದ ಮೇಲೆ ಎಳೆದುಕೊಂಡು ಕೂತವಳು ಪಾವಗಡ ಬಂದ ಮೇಲೆಯೇ ತೆಗೆದದ್ದು.

ತಿರುಮಣಿಯ ಆಫೀಸಿನಲ್ಲಿ ನನ್ನ ಮೇಜು ತೋರಿಸಿದರು. ಕೂತು ಐದು ನಿಮಿಷ ಆಗಿಲ್ಲ, ಸರ್ ಫೋನು. ಪಿಸುಮಾತು.

"ಮೇಡಂ, ಹದಿನಾಲ್ಕು ಜನ ಬಂದು ಕೂತಿದಾರೆ. ಎಲ್ರಿಗೂ ಆ ಹನ್ನೊಂದು ದಿನದ ಕೋರ್ಸೇ ಬೇಕಂತೆ. ಸ್ವಲ್ಪ ನೆನಪು ಮಾಡ್ಕೊಂಡು ಹೇಳಿ, ನಾವು ನಿಮಗೆ ಏನು ಕಲಿಸಿದ್ವಿ?"