ನೂರು ಹೊರೆ ದರಕು

ಶಿರಸಿ ಪೇಟೆಯಲ್ಲಿ ಲೆಕ್ಕ ಎಂದರೆ ಮಧುಕೇಶ್ವರ ಮಾಸ್ತರ, ಮಧುಕೇಶ್ವರ ಮಾಸ್ತರ ಎಂದರೆ ಲೆಕ್ಕ! ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದೇ ಇರುವುದರಿಂದ ನಾನೇ ಹೇಳಬೇಕಾಗಿದೆ. ಸೇರು ಹೋಗಿ ಕಿಲೋ ಬರುತ್ತಿದ್ದ ವರ್ಷ ಅದು. ಸಂಜೆ ಶಾಲೆ ಬಿಟ್ಟು ಬನವಾಸಿ ರಸ್ತೆ ಹಿಡಿದರೆ ನಾಲ್ಕು ಅಂಗಡಿಗಳಿಂದ ನಾಲ್ಕು ದನಿ ಏಳುತ್ತಿತ್ತು. "ಮಾಸ್ತರ್ರ, ಐದು ಸೇರಂದ್ರ ಎಷ್ಟು ಕಿಲೋ?" ನಾನು ನಿಲ್ಲದೆ, ತಿರುಗಿಯೂ ನೋಡದೆ ಉತ್ತರ ಎಸೆದು ಮುಂದೆ ಹೋಗುತ್ತಿದ್ದೆ. ಹೀಗೆ ಆರು ತಿಂಗಳು ನಡೆದರೆ ಮನುಷ್ಯನ ತಲೆ ಹೆಗಲ ಮೇಲೆ ನಿಲ್ಲುವುದು ಕಷ್ಟ. ನನ್ನದು ನಿಂತಿರಲಿಲ್ಲ.

ಆ ಚೈತ್ರದಲ್ಲಿ ನನ್ನ ಹೆಂಡತಿ ನೀಲಗಂಗವ್ವನ ಪ್ರಾಣವೆಲ್ಲ ಹಿತ್ತಲಿನ ಒಂದು ಮಲ್ಲಿಗೆ ಮಡಿಯಲ್ಲಿತ್ತು. ಗೂಟಕ್ಕೆ ಹಗ್ಗ ಕಟ್ಟಿ, ಸುತ್ತು ತಿರುಗಿ, ಗೆರೆ ಎಳೆದು ಅವಳೇ ಮಾಡಿದ ದುಂಡನೆಯ ಮಡಿ. ಹನ್ನೆರಡು ಗಿಡ. ವೈಶಾಖದಲ್ಲಿ ಅವಳ ತಂಗಿ ಪಾರ್ವತವ್ವನ ಮದುವೆ. "ಮದುಮಗಳ ಮುಡಿಗೆ ಹೂ ನಮ್ಮನಿದಾನ" ಎಂದು ತವರಿಗೆ ಮಾತು ಕೊಟ್ಟಿದ್ದಳು. ಮೊಗ್ಗೇನೋ ಸಣ್ಣಗೆ ಬಿಟ್ಟಿದ್ದವು. ಆದರೆ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ದಿನಕ್ಕೆ ಎರಡು ಕೊಡ ನೀರು ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಮಣ್ಣು ಹಪ್ಪಳವಾಗುತ್ತಿತ್ತು. ದಿನಕ್ಕೆ ನಾಲ್ಕಾರು ಮೊಗ್ಗು ಉದುರುತ್ತಿದ್ದವು. ಅವಳು ಅವನ್ನು ಆರಿಸಿ ಅಂಗೈಯಲ್ಲಿಟ್ಟು ನನಗೆ ತೋರಿಸುತ್ತಿದ್ದಳು, ನಾನೇ ಉದುರಿಸಿದ ಹಾಗೆ.

"ಬುಡಕ್ಕ ದರಕು ಹೊದಿಸಬೇಕ್ರಿ. ತಂಪು ಹಿಡೀತೈತಿ" ಎಂದಳು.

ದರಕು ಎಂದರೆ ಒಣಗಿ ಉದುರಿದ ಕಾಡಿನ ಎಲೆ. ನಮ್ಮ ಕಡೆ ಹೆಂಗಸರು ಬೇಸಿಗೆಯಲ್ಲಿ ಗುಡಿಸಿ, ಹಗ್ಗದ ಬಲೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ನಮಗೆ ತಂದುಕೊಡುವವಳು ಚೌಡಮ್ಮ. ಅವಳು ಬಂದು ಹಿತ್ತಲಿನ ಬಾಗಿಲಲ್ಲಿ ನಿಂತು, ಮಡಿಯನ್ನೊಮ್ಮೆ ನೋಡಿ, ಬಾಯಲ್ಲಿದ್ದ ಎಲೆಯಡಿಕೆಯ ಕವಳವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ ಹೇಳಿದಳು: "ಐದು ಹೊರೆ."

"ಅಳತಿ ಮಾಡಿದ್ಯಾ?" ಎಂದೆ.

"ಎಂತ ಅಳತೆ ಮಾಸ್ತರೆ? ಕಾಣ್ತದಲ!"

ನನ್ನ ಮೈಯೆಲ್ಲ ಉರಿಯಿತು. ಕಾಣುತ್ತದಂತೆ! ನೋಡಿದ ಮಾತ್ರಕ್ಕೆ ಉತ್ತರ ಬರುವುದಾದರೆ ಸರಕಾರ ನನ್ನಂಥವರಿಗೆ ಸಂಬಳ ಯಾಕೆ ಕೊಡಬೇಕು? ನಾನು ಎದ್ದು ನಿಂತು, ಅಂಗಿಯ ತೋಳು ಮಡಚಿ, ಘೋಷಿಸಿದೆ. "ಈ ಮಡಿಗೆ ಎಷ್ಟು ದರಕು ಬೇಕಂತ ಗಣಿತದ ಪ್ರಕಾರ ನಾ ಹೇಳ್ತೇನಿ. ಒಂದು ಎಲಿ ಹೆಚ್ಚಿಲ್ಲ, ಒಂದು ಎಲಿ ಕಮ್ಮಿಲ್ಲ!"

"ಐದು ಹೊರಿ ಅಂದ್ಲಲ್ರಿ, ತರಿಸ್ರಿ" ಎಂದಳು ನೀಲಗಂಗವ್ವ.

"ನೀ ಸುಮ್ನಿರು. ಇದು ವೃತ್ತ!"

ವೃತ್ತ ಎಂಬ ಶಬ್ದಕ್ಕೆ ಇಬ್ಬರೂ ಬೆದರಿದರೆಂದೇ ನಾನು ತಿಳಿದೆ. ಈಗ ಯೋಚಿಸಿದರೆ ಅವರು ನಗು ತಡೆದುಕೊಂಡಿದ್ದರು.

ಅಳೆಯಲು ಹೊರಟರೆ ಮೊದಲನೆಯ ವಿಘ್ನ. ನಾನು ಅಳತೆಯ ಕೋಲು ಹಿಡಿದು ಮಡಿಯೊಳಗೆ ಕಾಲಿಡುವಷ್ಟರಲ್ಲಿ ಹೆಂಡತಿ ಚೀರಿದಳು. "ಕಾಲಿಡಬ್ಯಾಡ್ರಿ! ಈಗಷ್ಟ ನೀರು ಹಾಕೇನಿ! ಮೊಗ್ಗು ಬೀಳ್ತಾವ!" ಒಳಗೆ ಹೋಗುವಂತಿಲ್ಲ. ಹೋಗಲಿ, ಗಣಿತಕ್ಕೆ ಬಾಗಿಲು ಒಂದೇ ಏನು? ಹೊರಗಿನಿಂದಲೇ ಸುತ್ತು ಅಳೆದರಾಯಿತು. ಟೇಪು ಶಾಲೆಯಲ್ಲಿತ್ತು. ತಂತಿಯ ಮೇಲೆ ಅವಳ ಹಸಿರು ಇಳಕಲ್ ಸೀರೆ ಒಣಗುತ್ತಿತ್ತು. ಒಂಬತ್ತು ಗಜದ ಸೀರೆ. ಒಂಬತ್ತು ಗಜ ಎಂದರೆ ಇಪ್ಪತ್ತೇಳು ಅಡಿ! ಎಳೆದುಕೊಂಡು ಮಡಿಯ ಸುತ್ತ ಹಾಸಿದೆ. ಏನು ಹೇಳಲಿ, ಸೆರಗಿನ ತುದಿ ಬಂದು ಆಚೆಯ ತುದಿಗೆ ಸರಿಯಾಗಿ ಮುತ್ತಿಟ್ಟಿತು! ಒಂದು ಬೆರಳು ಹೆಚ್ಚಿಲ್ಲ, ಕಮ್ಮಿಯಿಲ್ಲ. ಇದ್ದಿಲು ತೆಗೆದುಕೊಂಡು ಅಡುಗೆಮನೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದೆ: ೨೭.

"ರೀ, ಸೀರಿ ಮಣ್ಣಾತಲ್ರೀ!"

"ಶಾಸ್ತ್ರಕ್ಕ ಸ್ವಲ್ಪ ಮಣ್ಣಾಗ್ತೈತಿ" ಎಂದೆ.

ಇನ್ನು ಒಂದು ಹೊರೆಯಲ್ಲಿ ಎಷ್ಟು ದರಕು ಹಿಡಿಯುತ್ತದೆಂದು ತಿಳಿಯಬೇಕಲ್ಲ? ಚೌಡಮ್ಮನಿಂದ ಒಂದು ಹೊರೆ ತರಿಸಿದೆ. ನಮ್ಮ ಅಕ್ಕಿ ಪೆಟ್ಟಿಗೆ ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದು ಅಡಿ ಆಳ. ಅಕ್ಕಿಯನ್ನು ಚಾಪೆಗೆ ಸುರಿದು ದರಕನ್ನು ಅದಕ್ಕೆ ತುಂಬಿದೆ. ಅಂಚಿಗೆ ಸರಿಯಾಗಿ ತುಂಬಿತು. ಆರು ಘನ ಅಡಿ! ದರಕಿನ ಜೊತೆಗೆ ಕಾಡಿನ ಕೆಂಪಿರುವೆಗಳ ಒಂದು ಸಂಸಾರವೂ ಬಂದಿತ್ತು. ಅವು ಅಕ್ಕಿಯೊಳಗೆ ಹೊಕ್ಕವು, ಅಲ್ಲಿಂದ ನನ್ನ ಧೋತರದೊಳಗೆ ಹೊಕ್ಕವು. ನಾನು ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ಬಚ್ಚಲಿಗೆ ಕುಣಿದುಕೊಂಡು ಹೋದೆ. ನೀಲಗಂಗವ್ವ ಮೊರ ಹಿಡಿದು ಅಕ್ಕಿ ಕೇರುತ್ತ ಕೂತಳು. ಮಧ್ಯಾಹ್ನ ಊಟ ಆಗಲಿಲ್ಲ.

ಸಂಜೆ ಇರುವೆ ಕಡಿದ ಜಾಗಕ್ಕೆಲ್ಲ ಸುಣ್ಣ ಹಚ್ಚಿಕೊಂಡು ಗೋಡೆಯ ಮುಂದೆ ಕೂತೆ. ಇಪ್ಪತ್ತೇಳನ್ನು ಅರ್ಧ ಮಾಡಿದೆ. ಅದನ್ನು ಅದರಿಂದಲೇ ಗುಣಿಸಿದೆ. ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದೆ. ಅರ್ಧ ಅಡಿ ದಪ್ಪ ಹಿಡಿದೆ. ಆರರಿಂದ ಭಾಗಿಸಿದೆ. ಗೋಡೆ ಸಾಲದೆ ಬಾಗಿಲಿನ ಹಿಂದೆಯೂ ಬರೆದೆ. ನಲವತ್ತೆಂಟು ಹೊರೆ! ದರಕು ಕೂತು ಕುಗ್ಗುತ್ತದಲ್ಲ, ಅದಕ್ಕೆ ಎರಡರಷ್ಟು. ತೊಂಬತ್ತಾರು. ಗಾಳಿಗೆ ಹಾರಿಹೋಗುವುದಕ್ಕೆ ನಾಲ್ಕು. ಒಟ್ಟು ನೂರು! ಉತ್ತರ ಇಷ್ಟು ದುಂಡಗೆ ಬಂದರೆ ಅದು ತಪ್ಪಾಗಿರಲು ಸಾಧ್ಯವೇ?

"ನೂರಾ?" ಚೌಡಮ್ಮನ ಬಾಯಲ್ಲಿದ್ದ ಕವಳ ಅಲ್ಲೇ ನಿಂತುಬಿಟ್ಟಿತು. "ಎಂತಕ್ಕೆ ಮಾಸ್ತರೆ? ಗಿಡ ಹುಗೀತ್ರಾ?"

"ನಿನಗ ತಿಳಿಯೂದಿಲ್ಲ. ತಗೊಂಡು ಬಾ."

"ತಕಬತ್ತೆ. ನಂಗೆಂತ!" ಎಂದು ಹೋದಳು.

ಭಾನುವಾರ ಬೆಳಿಗ್ಗೆ ಚೌಡಮ್ಮನ ಕೇರಿಯ ಹೆಂಗಸರೆಲ್ಲ ಸಾಲುಗಟ್ಟಿ ಬಂದರು. ತಲೆಯ ಮೇಲೊಂದೊಂದು ಬೆಟ್ಟ. ದೂರದಿಂದ ನೋಡಿದವರಿಗೆ ಕಾಡೇ ಎದ್ದು ಪೇಟೆಗೆ ಹೊರಟಂತೆ ಕಾಣಬೇಕು! ಹೊರೆ ಹೊತ್ತು ಬಂದವರಿಗೆ ಬೆಲ್ಲ, ನೀರು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಹಲಸಿನ ಎಲೆಯ ಮೇಲೆ ಒಂದೊಂದು ಸೌಟು ಜೋನಿ ಬೆಲ್ಲ ಹಾಕುತ್ತ ನೀಲಗಂಗವ್ವ ಬಾಗಿಲಲ್ಲೇ ನಿಂತಳು. ಇಪ್ಪತ್ತನೆಯ ಹೊರೆಗೆ ಹಿತ್ತಲು ತುಂಬಿತು. ನಲವತ್ತಕ್ಕೆ ಬೆಲ್ಲದ ಡಬ್ಬಿಯ ತಳ ಕಂಡಿತು.

"ರೀ, ಮಲ್ಲಿಗಿ ಕಾಣವಲ್ದು!"

"ಇನ್ನೂ ಅರವತ್ತು ಬರೂದೈತಿ. ಗಾಬರಿ ಆಗಬ್ಯಾಡ!"

ಐವತ್ತಕ್ಕೆ ಮುಂದಿನ ಅಂಗಳ ತುಂಬಿತು. ಎಪ್ಪತ್ತಕ್ಕೆ ಜಗಲಿ ತುಂಬಿತು. ಎಂಬತ್ತಕ್ಕೆ ಹಿಂಬಾಗಿಲು ತೆರೆಯದಾಯಿತು. ನಾನು ಅಡುಗೆಮನೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಣಿಸತೊಡಗಿದೆ. ಪಕ್ಕದ ಮನೆಯ ಎಮ್ಮೆ ಬೇಲಿ ದಾಟಿ ದರಕಿನೊಳಗೆ ನಡೆದುಹೋಗಿ ಕಾಣೆಯಾಯಿತು. ಕೊರಳಿನ ಗಂಟೆ ಮಾತ್ರ ಒಮ್ಮೆ ಈ ಮೂಲೆಯಲ್ಲಿ, ಒಮ್ಮೆ ಆ ಮೂಲೆಯಲ್ಲಿ ಕೇಳುತ್ತಿತ್ತು. ಎಮ್ಮೆಯವರು ಬಂದು ಬೇಲಿಯ ಹತ್ತಿರ ನಿಂತು ಹೆಸರು ಹಿಡಿದು ಕರೆಯುತ್ತಿದ್ದರು. ನೂರನೆಯ ಹೊರೆ ಬಿದ್ದಾಗ ನಾನು ಕಿಟಕಿಯಲ್ಲೇ ಚಪ್ಪಾಳೆ ತಟ್ಟಿದೆ. ಕೂಲಿಯ ಮಾತನ್ನು ಇಲ್ಲಿ ಎತ್ತಲಾರೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಶುಭ ಮುಹೂರ್ತಕ್ಕೇ ಬನವಾಸಿ ಬಸ್ಸಿನಿಂದ ನನ್ನ ಮಾವ ಅಂದಾನಪ್ಪನವರು ಇಳಿದರು! ಮದುವೆಯ ಹೂವಿನ ವಿಷಯ ಕಣ್ಣಾರೆ ನೋಡಿಕೊಂಡು ಹೋಗೋಣವೆಂದು ಬಂದಿದ್ದರು. ತಲೆಗೆ ಕೆಂಪು ರುಮಾಲು, ಕಂಕುಳಲ್ಲಿ ಕೊಡೆ. ಮನೆಯ ಮುಂದೆ ನಿಂತು, ಮನೆ ಕಾಣದೆ, ಕೂಗಿದರು. "ಅಳಿಯಂದಿರ! ಮನಿ ಎಲ್ಲಿಟ್ಟೀರಿ?"

"ಬರ್ರಿ ಮಾವನ್ನೋರ! ಎಡಕ್ಕ ಬರ್ರಿ!"

ಅವರು ಬಲಕ್ಕೆ ಬಂದರು. ಸೊಂಟದವರೆಗೆ ಇಳಿದರು, ಎದೆಯವರೆಗೆ ಇಳಿದರು, ಕಡೆಗೆ ರುಮಾಲು ಮತ್ತು ಮೇಲೆತ್ತಿದ ಕೊಡೆ ಮಾತ್ರ ಉಳಿದವು. "ಅಪ್ಪಾ!" ಎಂದು ಕಿರುಚಿ ನೀಲಗಂಗವ್ವ ಕಿಟಕಿಯಿಂದ ಹಾರಿದಳು. ಚೌಡಮ್ಮ ಕೊಡೆ ಹಿಡಿದು ಎಳೆದಳು. ಮೊದಲು ಎಮ್ಮೆ ಹೊರಬಂತು, ಆಮೇಲೆ ಮಾವ ಹೊರಬಂದರು. ಮೀಸೆಯಲ್ಲಿ ಎರಡು ಎಲೆ ಸಿಕ್ಕಿಕೊಂಡಿದ್ದವು. ಅವನ್ನು ತೆಗೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಕಿಟಕಿಯ ಮೂಲಕ ಅವರನ್ನು ಒಳಗೆ ಇಳಿಸಿಕೊಂಡೆವು. ಅವರು ನೀರು ಕುಡಿದು, ಗೋಡೆಯ ಮೇಲಿನ ನನ್ನ ಲೆಕ್ಕವನ್ನು ಬಹಳ ಹೊತ್ತು ನೋಡಿದರು. ಮಾವನವರು ಓದಿದ್ದು ಮೂರನೆಯ ಇಯತ್ತೆ. ನನಗೆ ಅವರ ಮೇಲೆ ಕನಿಕರ ಹುಟ್ಟಿತು.

"ಈ ಇಪ್ಪತ್ತೇಳು ಏನ್ರಿ ಅಳಿಯಂದಿರ?"

"ಮಡಿಯ ಅಗಲ, ಮಾವನ್ನೋರ."

"ಹೆಂಗ ಅಳದ್ರಿ?"

"ನಿಮ್ಮ ಮಗಳ ಸೀರಿ ಸುತ್ತಿಸಿ. ಸರಿಯಾಗಿ ಒಂದು ಸುತ್ತು, ಒಂಬತ್ತು ಗಜ."

ಮಾವ ಗೋಡೆಯನ್ನು ನೋಡಿದರು. ಮಗಳನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು. "ಸೀರಿ ಸುತ್ತಿದ್ದಕ್ಕ ಮಡಿ ಇಪ್ಪತ್ತೇಳು ಅಡಿ ಅಗಲ ಆಗಿದ್ರ, ದಿನಾ ಅದ ಸೀರಿ ಸುತ್ತಿಕೊಳ್ಳೋ ನಮ್ಮ ನೀಲಾ ಎಷ್ಟು ಅಗಲ ಆದ್ಲು?"

ಚೌಡಮ್ಮ ಕಿಟಕಿಯಾಚೆ ತಿರುಗಿ ನಿಂತಳು, ಅವಳ ಬೆನ್ನು ಅಲುಗುತ್ತಿತ್ತು. ನನ್ನ ಕಣ್ಣೆದುರು ಗೋಡೆಯ ಅಂಕಿಗಳೆಲ್ಲ ಒಂದೊಂದಾಗಿ ಕಳಚಿ ಬೀಳತೊಡಗಿದವು. ಸುತ್ತಳತೆ! ನಾನು ಅಳೆದದ್ದು ಸುತ್ತಳತೆ, ಲೆಕ್ಕ ಹಾಕಿದ್ದು ಅಡ್ಡಳತೆ ಎಂದು! ಈ ತಪ್ಪು ಮಾಡಿದ್ದಕ್ಕೆ ವರ್ಷಕ್ಕೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ! ಇದ್ದಿಲು ಹಿಡಿದು ಮತ್ತೆ ಲೆಕ್ಕ ಹಾಕಿದೆ. ಅಗಲ ಎಂಟೂವರೆ ಅಡಿಗೆ ಬಂದು ನಿಂತಿತು. ಅದೇ ಅರ್ಧ ಅಡಿ ದಪ್ಪ ಹಿಡಿದು ಆರರಿಂದ ಭಾಗಿಸಿದರೆ ಐದು ಹೊರೆಗೆ ಚೂರು ಕಮ್ಮಿ. ಚೌಡಮ್ಮ ಕವಳ ಸರಿಸುತ್ತ ಹೇಳಿದ ಅದೇ ಐದು.

ಅಲ್ಲಿಗೆ ಸುಮ್ಮನಾಗಿದ್ದರೆ ಈ ಕಥೆ ಅರ್ಧ ನಾಚಿಕೆಗೇ ಮುಗಿಯುತ್ತಿತ್ತು. ನಾನು ಲೆಕ್ಕದ ಮಾಸ್ತರ, ಸುಮ್ಮನಾಗುವವನಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ಪಾಟಿ ಬಳಪ ಹಿಡಿದು ಬಾಗಿಲಿಗೆ ಬಂದೆ. "ನೂರರಾಗ ಐದು ಕಳದ್ರ ತೊಂಬತ್ತೈದು. ಕೊಟ್ಟಿಗೆ ಇದ್ದವರೆಲ್ಲ ಬಂದು ತೊಂಬತ್ತೈದು ಹೊರೆ ಪುಕ್ಕಟೆ ಒಯ್ಯಿರಿ! ಐದು ತಾನಾಗಿ ಉಳೀತೈತಿ!"

"ಮೊದ್ಲ ಮಡಿಗೆ ಹೊದಿಸಿ, ಆಮ್ಯಾಲೆ ಕೊಡ್ರಿ" ಎಂದಳು ಹೆಂಡತಿ.

"ಕಳಿಯೋ ಲೆಕ್ಕ! ಇದರಾಗ ತಪ್ಪು ಹೆಂಗ ಆಗ್ತೈತಿ?"

ಸುದ್ದಿ ಹಬ್ಬಿತು. ಅಕ್ಕಪಕ್ಕದವರೆಲ್ಲ ಬಲೆ, ಗೋಣಿ, ಹಗ್ಗ ಹಿಡಿದು ಬಂದರು. ಪುಕ್ಕಟೆ ದರಕು ಎಂದಮೇಲೆ ಯಾರು ಹಗುರವಾಗಿ ತುಂಬುತ್ತಾರೆ? ಬಲೆಯೊಳಗೆ ಇಳಿದು ತುಳಿದರು, ಮತ್ತೆ ತುಂಬಿದರು, ಮತ್ತೆ ತುಳಿದರು. ನಾನು ಬೀದಿಯ ಕಡೆ ಮುಖ ಮಾಡಿ, ದಾಟಿದ ಪ್ರತಿ ಹೊರೆಗೂ ಪಾಟಿಯ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ಐವತ್ತು, ಅರವತ್ತು, ಎಪ್ಪತ್ತು. ಎಪ್ಪತ್ತೊಂದರ ಮೇಲೆ ಯಾರೂ ಬರಲಿಲ್ಲ.

"ಬರ್ರಿ, ಬರ್ರಿ! ಇನ್ನೂ ಇಪ್ಪತ್ನಾಲ್ಕು ಐತಿ!" ಎಂದು ಬೀದಿಗೆ ಕೂಗಿದೆ.

"ಮಾಸ್ತರೆ," ಹಿಂದಿನಿಂದ ಚೌಡಮ್ಮನ ದನಿ ಬಂತು, "ಒಂಚೂರು ತಿರುಗಿ ನೋಡಿ."

ತಿರುಗಿ ನೋಡಿದೆ. ಅಂಗಳ ಗುಡಿಸಿ ಸಾರಿಸಿದಂತಿತ್ತು. ಜಗಲಿ ಲಕಲಕ ಎನ್ನುತ್ತಿತ್ತು. ಓಡಿಹೋಗಿ ಹಿತ್ತಲು ನೋಡಿದರೆ ನಡುವೆ ಮಲ್ಲಿಗೆ ಮಡಿ, ಬುಡದಲ್ಲಿ ಒಂದೇ ಒಂದು ಎಲೆಯೂ ಇಲ್ಲದೆ, ಬಿಸಿಲಿಗೆ ಬಾಯಿ ಬಿಟ್ಟುಕೊಂಡು ನಿಂತಿತ್ತು. ನೂರು ಹೊರೆ ತರಿಸಿದ ಮನೆಯಲ್ಲಿ ಒಂದು ಹಿಡಿ ದರಕಿಲ್ಲ!

ನೀಲಗಂಗವ್ವ ಬೈಯಲಿಲ್ಲ. ಮಡಿಯ ಅಂಚಿಗೆ ಕೂತು ಉದುರಿದ ಮೊಗ್ಗು ಆರಿಸುತ್ತಿದ್ದಳು. ಅವತ್ತು ಅಂಗೈ ತೋರಿಸಲೂ ಇಲ್ಲ. "ಪಾರವ್ವಗ ಏನು ಹೇಳ್ಲಿ?" ಎಂದಷ್ಟೇ ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪಾಟಿಯನ್ನು ಗೋಡೆಗೆ ಆನಿಸಿಟ್ಟೆ. "ಚೌಡಮ್ಮ, ನಡಿ. ನಾನೂ ಬರ್ತೇನಿ" ಎಂದೆ.

"ಎಷ್ಟು ಹೊರೆ ತರೂದು ಮಾಸ್ತರೆ?"

ಬಾಯಿಗೆ ಬಂದ ಅಂಕಿಯನ್ನು ನುಂಗಿಕೊಂಡೆ. "ನೀನ ಹೇಳವ್ವಾ."

ಅವಳು ನಾಲ್ಕು ಸಲ ಹೊತ್ತಳು, ನಾನು ಒಂದು ಸಲ. ಧೋತರ ಎತ್ತಿ ಕಟ್ಟಿ, ತಲೆಯ ಮೇಲೆ ದರಕಿನ ಬೆಟ್ಟ ಹೊತ್ತು ಬನವಾಸಿ ರಸ್ತೆಯಲ್ಲಿ ಬರುವಾಗ ನಾಲ್ಕೂ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು. ಯಾರೂ ಕಿಲೋ ಕೇಳಲಿಲ್ಲ. ಐದೂ ಹೊರೆಯನ್ನು ಸುರಿದು ಹೊದಿಸಿದಾಗ ಮಡಿ ಅಂಚಿನಿಂದ ಅಂಚಿಗೆ ಮುಚ್ಚಿತು. ಒಂದು ಎಲೆ ಹೆಚ್ಚಿಲ್ಲ, ಒಂದು ಎಲೆ ಕಮ್ಮಿಯಿಲ್ಲ. ನನ್ನ ತಲೆಯಿಂದ ಇಳಿದ ಕೆಂಪಿರುವೆಗಳು ಮಾತ್ರ ಹೆಚ್ಚಿದ್ದವು.

ಮೊಗ್ಗು ಉದುರುವುದು ನಿಂತಿತು. ವೈಶಾಖದಲ್ಲಿ ಹನ್ನೆರಡು ಗಿಡವೂ ಬೆಳ್ಳಗೆ ಬಿರಿದವು. ಮದುವೆಯ ಬೆಳಿಗ್ಗೆ ಮಾವನ ಮನೆಯ ಪಡಸಾಲೆಯಲ್ಲಿ ಕೂತು ನೀಲಗಂಗವ್ವ ಹೂ ಕಟ್ಟಿ ಮುಗಿಸಿದಳು. ಮೊಣಕೈಯಿಂದ ಬೆರಳ ತುದಿಗೆ ಹಿಡಿದು, ಎಲ್ಲರ ಎದುರಿಗೆ ಮೊಳ ಹಾಕಿದಳು. ಸರಿಯಾಗಿ ಹದಿನೆಂಟು ಮೊಳ. ಹದಿನೆಂಟು ಮೊಳ ಎಂದರೆ ಒಂಬತ್ತು ಗಜ, ಇಪ್ಪತ್ತೇಳು ಅಡಿ! ನನಗೆ ತಡೆಯಲಾಗಲಿಲ್ಲ, ಗಂಟಲು ಸರಿಪಡಿಸಿಕೊಂಡು ಬಾಯಿ ತೆರೆದೆ.

ಅವಳು ಮಾಲೆಯನ್ನು ಮಡಚಿ ಬಾಳೆಲೆಯಲ್ಲಿ ಇಡುತ್ತ, ತಲೆಯೆತ್ತದೆ ಹೇಳಿದಳು: "ಇದು ಉದ್ದ ರೀ. ಇದನ್ನೂ ಅಗಲ ಅಂತ ತಿಳಕೊಂಡು ನೂರು ಮಂದಿ ಮದುಮಕ್ಕಳನ್ನ ಕರಕೊಂಡು ಬರಬ್ಯಾಡ್ರಿ!"