ನಗೋಯಾದಿಂದ ಬಂದ ಅತ್ತೆಯ ಸಿಂಹಾಸನ

ನನಗೆ ಬೇಕಾಗಿದ್ದದ್ದು ಕೆಂಪು ಬಣ್ಣದ, ಎರಡೇ ಆಸನದ, ಮೇಲ್ಛಾವಣಿ ಮಡಚುವ ಪುಟ್ಟ ಕಾರು. ಮನೆಗೆ ಬಂದದ್ದು ಬಿಳಿ ಬಣ್ಣದ, ಏಳು ಆಸನದ, ಬ್ರೆಡ್ಡಿನ ಆಕಾರದ ವ್ಯಾನು. ಇವೆರಡರ ನಡುವೆ ಏನು ನಡೆಯಿತು ಅಂತ ಕೇಳಿದರೆ ಒಂದೇ ಪದದಲ್ಲಿ ಹೇಳಬಲ್ಲೆ: ಮದುವೆ.

ಮೂವತ್ತೆಂಟು ವರ್ಷ ಡ್ಯಾಪ್ಟೊದ ಮನೆಯಿಂದ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಗೆ ಹೋಗಿ ಬಂದು ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿತು. ಬೆಳಗಾದರೆ ಟೀ ಮಗ್ಗು ಹಿಡಿದು ಕಂಪ್ಯೂಟರಿನ ಮುಂದೆ ಕೂತು ಜಪಾನಿನ ಹಳೇ ಕಾರುಗಳ ಹರಾಜು ನೋಡುವುದು. ಆ ಜನ ಕಾರು ಓಡಿಸುತ್ತಾರೋ ಪೂಜೆ ಮಾಡುತ್ತಾರೋ ಗೊತ್ತಿಲ್ಲ, ಹತ್ತು ವರ್ಷದ ಗಾಡಿಯೂ ನಿನ್ನೆ ಹುಟ್ಟಿದ ಹಾಗಿರುತ್ತದೆ. ಸ್ಟಿಯರಿಂಗ್ ನಮ್ಮದರಂತೆಯೇ ಬಲಗಡೆ. ಹಡಗಿಗೆ ಹಾಕಿದರೆ ನಮ್ಮೂರ ಬಂದರಿಗೇ ಬಂದು ಇಳಿಯುತ್ತದೆ. ಇಷ್ಟೆಲ್ಲ ಅನುಕೂಲ ದೇವರು ಸುಮ್ಮಸುಮ್ಮನೆ ಮಾಡಿಟ್ಟಿರುತ್ತಾನೆಯೇ? ಅದು ನನಗಾಗಿಯೇ ಎಂದು ನಂಬಿದ್ದೆ.

"ಯಾರಿಗೆ ಈ ಕೆಂಪು ಕಾರು?" ಅಂತ ಒಂದು ದಿನ ಬೆನ್ನ ಹಿಂದಿನಿಂದ ನನ್ನ ಹೆಂಡತಿ ನೋಲೀನಳ ಸ್ವರ ಕೇಳಿಸಿತು.

"ನಮ್ಮಿಬ್ಬರಿಗೆ ಕಣೇ. ನೀನು, ನಾನು, ಸಮುದ್ರದ ಗಾಳಿ..."

"ಅಮ್ಮನ್ನ ಎಲ್ಲಿ ಕೂರಿಸ್ತೀಯ, ಡಿಕ್ಕೀಲಾ?"

ಅಮ್ಮ ಅಂದರೆ ನನ್ನ ಅತ್ತೆ ಬೆರಿಲ್. ವಯಸ್ಸು ಎಂಬತ್ತಾರು, ವಾಸ ನಮ್ಮ ಹಿತ್ತಲಿನ ಒಂಟಿ ಕೋಣೆಯ ಮನೆಯಲ್ಲಿ. ಹೋದ ಆಗಸ್ಟಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ನನ್ನ ಪಿಕಪ್ಪಿಗೆ ಹತ್ತಲಾರರು, ನೋಲೀನಳ ಕಾರಿಗೆ ಬಗ್ಗಲಾರರು. ಆಸ್ಪತ್ರೆ ಬಿಟ್ಟರೆ ಹಿತ್ತಲು, ಹಿತ್ತಲು ಬಿಟ್ಟರೆ ಆಸ್ಪತ್ರೆ.

ಅದರಲ್ಲೇನು ದೊಡ್ಡ ವಿಷಯ ಅನ್ನುತ್ತೀರಾ? ಇದೆ. ಅತ್ತೆ ನಮ್ಮ ಕರಾವಳಿಯ ಚಳಿಗಾಲದ ಈಜು ಸಂಘದ ಸದಸ್ಯೆ. ಪ್ರತಿವರ್ಷ, ಭೂಗೋಳದ ನಮ್ಮ ದಕ್ಷಿಣಾರ್ಧದಲ್ಲಿ ಚಳಿ ಶುರುವಾಗುವ ಮೇ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಸಮುದ್ರದಂಚಿನ ಬಂಡೆಗಳ ನಡುವೆ ಕಟ್ಟಿದ ಕೊಳಕ್ಕೆ ಮಂಜುಗಡ್ಡೆ ಸುರಿದು, ಸೀಟಿ ಊದಿ, ಬುದ್ಧಿ ನೆಟ್ಟಗಿರುವ ಜನರೆಲ್ಲ ಹಾಸಿಗೆಯಲ್ಲಿರುವ ಹೊತ್ತಿಗೆ ಇವರೆಲ್ಲ ಧುಮುಕುತ್ತಾರೆ. ಸೀಟಿ ಊದಿದಾಗ ಸದಸ್ಯರ ಪಾದವಾದರೂ ನೀರಿನಲ್ಲಿರಬೇಕು. ಇಲ್ಲದಿದ್ದರೆ ಸಂಘದ ಗೋಡೆಯ ಮೇಲಿನ ಮರದ ಹಲಗೆಯಿಂದ ಹೆಸರು ಕಿತ್ತುಹಾಕುತ್ತಾರೆ. ಅತ್ತೆಯ ಹೆಸರು ಅಲ್ಲಿ ನಲವತ್ತೊಂದು ವರ್ಷದಿಂದ ಇದೆ. ಮಾವ ತೀರಿಕೊಂಡ ವಾರವೂ ಅವರು ಹೋಗಿ ಮುಳುಗಿ ಬಂದಿದ್ದರು.

"ಈ ಸಲ ತೆಗೀತಾರೆ ಬಿಡು. ಹೆಸರು ತಾನೆ" ಅಂತ ಅತ್ತೆ ಹೇಳಿದ್ದರು. ಹೇಳಿ, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಕರಗಿ ತಳ ಸೇರುವ ತನಕ ಸುಮ್ಮನೆ ನೋಡುತ್ತ ಕೂತಿದ್ದರು. ಅದನ್ನು ಕಂಡ ಮೇಲೆ ಕೆಂಪು ಕಾರಿನ ಚಿತ್ರ ಮುಚ್ಚಿದವನು ನಾನೇ. (ನೋಲೀನ್ ಮುಚ್ಚಿಸಿದಳು ಅಂತ ಅವಳು ಹೇಳಿಕೊಂಡು ತಿರುಗುತ್ತಾಳೆ. ನಂಬಬೇಡಿ.)

ಜಪಾನಿನಲ್ಲಿ ವಯಸ್ಸಾದವರಿಗೆಂದೇ ಒಂದು ಬಗೆಯ ವ್ಯಾನು ಮಾಡುತ್ತಾರೆ. ಗುಂಡಿ ಒತ್ತಿದರೆ ಮುಂದಿನ ಎಡಗಡೆಯ ಆಸನ ಬಾಗಿಲ ಕಡೆ ತಿರುಗಿ, ಹೊರಗೆ ಚಾಚಿ, ಮೆಲ್ಲಗೆ ಕೆಳಗಿಳಿದು, ಕೂರುವವರಿಗಾಗಿ ಕಾಯುತ್ತದೆ. ಕೂತ ಮೇಲೆ ಎತ್ತಿಕೊಂಡು ಒಳಗೆ ಹೋಗುತ್ತದೆ. ಅದರ ವಿಡಿಯೋ ತೋರಿಸಿದಾಗ ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ನನ್ನ ಆಯುಸ್ಸಲ್ಲಿ ಯಾವ ಗಂಡಸೂ ನನಗೋಸ್ಕರ ಇಷ್ಟು ಬಗ್ಗಲಿಲ್ಲ ಕಣೋ ಮರ್ವ್. ತರಿಸು."

ಮರ್ವ್ ಅಂದರೆ ನಾನು. ತರಿಸಿದೆ. ಜಪಾನಿನ ನಗೋಯಾ ನಗರದಲ್ಲಿ ಉಜಿತಾ ಎಂಬ ದಲ್ಲಾಳಿ ಸಿಕ್ಕರು. ಹರಾಜಿನಲ್ಲಿ ವ್ಯಾನು ಹಿಡಿದುಕೊಟ್ಟರು, ಸರ್ಕಾರದ ಅನುಮತಿ ಕೈಗೆ ಬರುವ ತನಕ ಹಡಗು ಹತ್ತಿಸದೆ ಕಾದರು. ದೇವರಂಥ ಮನುಷ್ಯ. ದೋಷ ಒಂದೇ: ಅವರ ಮಿಂಚಂಚೆ ಐದು ಪುಟ, ಅದರಲ್ಲಿ ಮೊದಲ ಎರಡು ಪುಟ ಹವಾಮಾನ. ಪ್ಲಮ್ ಹೂ ಅರಳಿತು, ಗಾಳಿ ಮೃದುವಾಯಿತು, ತಮ್ಮ ಕಡೆ ಬಿಸಿಲು ಹೇಗೆ, ಕುಟುಂಬದವರೆಲ್ಲ ಕ್ಷೇಮವೇ? ನಾನು ಬಿಸಿಲಿನ ತನಕ ಓದಿ, "ಇಲ್ಲೂ ಬಿಸಿಲಿದೆ, ವಂದನೆಗಳು" ಅಂತ ಉತ್ತರ ಹಾಕುತ್ತಿದ್ದೆ.

ಇನ್ನು ನನ್ನ ಕಡೆಯ ಪತ್ರವ್ಯವಹಾರ. ಪ್ರಪಂಚದ ಸಕಲ ಅನಿಷ್ಟವೂ ಬೂಟಿನ ಮಣ್ಣಿಗೆ ಅಂಟಿಕೊಂಡು ನಮ್ಮ ದೇಶದೊಳಕ್ಕೆ ನುಸುಳಲು ಕಾಯುತ್ತಿದೆ ಎಂಬುದು ನಮ್ಮ ರಾಷ್ಟ್ರೀಯ ನಂಬಿಕೆ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಪಾಪದ ಅಜ್ಜಿಯರ ಚೀಲದಿಂದ ಉಪ್ಪಿನಕಾಯಿ ಹಿಡಿಯುವ ಟಿವಿ ಕಾರ್ಯಕ್ರಮವನ್ನು ನಾನು ಒಂದು ಕಂತೂ ಬಿಡದೆ ನೋಡಿದವನು, ಅರ್ಧ ಅಧಿಕಾರಿಯೇ ಅನ್ನಿ. ಬಂದ ಕಾರಿನಲ್ಲಿ ಒಂದು ಹುಲ್ಲಿನ ಬೀಜ ಸಿಕ್ಕರೂ ಬಂದರಿನಲ್ಲಿ ತಡೆದು ವಾರಗಟ್ಟಲೆ ಇಟ್ಟುಕೊಳ್ಳುತ್ತಾರೆ. ಹಾಗಾದರೆ ಮೇ ತಿಂಗಳ ಭಾನುವಾರದ ಗತಿ? ಅದಕ್ಕೆ ಉಜಿತಾ ಅವರಿಗೆ ಹದಿನೇಳು ಆಜ್ಞೆಗಳ ಶಾಸನವೊಂದನ್ನು ಕಳಿಸಿದೆ. ಹದಿನೇಳನೆಯದು ಹೀಗಿತ್ತು: "ಗಾಡಿಗೆ ಬೋಲ್ಟು ಹಾಕಿ ಬಿಗಿಯದ ಯಾವ ವಸ್ತುವೂ ಒಳಗೆ ಇರಕೂಡದು. ಒಂದೂ!"

ಕೆಳಗೆ, ಹೃದಯ ತುಂಬಿ ಬಂದು, ಇದನ್ನೂ ಸೇರಿಸಿದೆ: "ಈ ವಾಹನದ ಮಹಾರಾಣಿ ನನ್ನ ಅತ್ತೆ ಶ್ರೀಮತಿ ಬೆರಿಲ್. ವಿಳಾಸ ನಮ್ಮದೇ, ಹಿತ್ತಲಿನ ಮನೆ."

ಮಾರ್ಚಿನಲ್ಲಿ ಹಡಗು ಬಂತು. ತಪಾಸಣೆಯ ಅಧಿಕಾರಿಣಿ ಟಾರ್ಚು ಹಿಡಿದು ಒಂದು ಗಂಟೆ ಹುಡುಕಿದಳಂತೆ, ಒಂದು ಎಳೆ ದಾರವೂ ಸಿಗಲಿಲ್ಲ. "ನಮ್ಮನೆ ಅಡುಗೆಕೋಣೆನೂ ಇಷ್ಟು ಚೊಕ್ಕವಾಗಿಲ್ಲ" ಅಂದಳಂತೆ. ಈ ಮಾತನ್ನು ನಾನು ಕ್ಲಬ್ಬಿನಲ್ಲಿ, ಮಾಂಸದಂಗಡಿಯಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ (ಬಾಯಿ ತೆರೆದಿದ್ದಾಗಲೂ) ಹೇಳಿದೆ.

ಅದೇ ದಿನಗಳಲ್ಲಿ ಅತ್ತೆ ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು.

"ಮರ್ವ್, ಟಿವಿಗೆ ಹೊಸ ರಿಮೋಟ್ ತರಿಸಿ ಪೋಸ್ಟಲ್ಲಿ ಕಳಿಸಿದೀಯಲ್ಲ, ಎಷ್ಟು ಒಳ್ಳೆ ಹುಡುಗ ನೀನು! ಹಳೇದು ಸತ್ತಿದ್ದು ನಿನಗೆ ಹೇಗೆ ಗೊತ್ತಾಯ್ತು? ಅದನ್ನ ಸುತ್ತಿದ್ದ ಕಾಗದ ಎಷ್ಟು ಚೆನ್ನಾಗಿದೆ ಅಂದ್ರೆ, ಡ್ರಾಯರಿಗೆ ಹಾಸಿದೀನಿ."

ನಾನು ಯಾವ ರಿಮೋಟನ್ನೂ ತರಿಸಿರಲಿಲ್ಲ. ನೋಲೀನ್ ತರಿಸಿರಬೇಕು ಅಂದುಕೊಂಡೆ. ಆ ಕ್ಷಣ ಬಾಯಿ ಬಿಟ್ಟು ಹೇಳಬೇಕಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷದ ಅಳಿಯತನದಲ್ಲಿ ಸಿಕ್ಕ ಮೊದಲ ಹೊಗಳಿಕೆಯನ್ನು ವಾಪಸು ಕೊಡಲು ಮನಸ್ಸು ಬರಲಿಲ್ಲ.

"ಅಷ್ಟೂ ಮಾಡದಿದ್ರೆ ಹೇಗೆ ಅತ್ತೆ" ಅಂದೆ.

"ಆದ್ರೆ ಸೌಂಡು ಜಾಸ್ತಿನೂ ಆಗಲ್ಲ, ಕಡಿಮೆನೂ ಆಗಲ್ಲ ಕಣೋ."

"ಒತ್ತೋ ಕ್ರಮ ಇರುತ್ತೆ. ಗಟ್ಟಿಯಾಗಿ ಒತ್ತಿ." ಹೀಗೆಂದು, ನನ್ನ ಹಳೆಯ ಟಾರ್ಚಿನಿಂದ ಎರಡು ಸೆಲ್ ತೆಗೆದು ಅದಕ್ಕೆ ಹಾಕಿಕೊಟ್ಟೆ. ಮೇಲೊಂದು ಬಾಣ, ಕೆಳಗೊಂದು ಬಾಣ, ನಡುವೆ ಜಪಾನಿ ಅಕ್ಷರ. ನೋಡಿದೆ. ಈ ಎರಡು ಕಣ್ಣಿನಿಂದಲೇ ನೋಡಿದೆ! ಈಗಿನ ಕಾಲದಲ್ಲಿ ಎಲ್ಲವೂ ಅಲ್ಲಿಂದಲೇ ಬರುತ್ತದೆ ಅಂದುಕೊಂಡು ಎದ್ದು ಬಂದೆ.

ನಮ್ಮ ರಸ್ತೆಯ ನಿಯಮಕ್ಕೆ ಹೊಂದಿಸಿ ಕಾಗದಪತ್ರ ಮಾಡಿಸುವ ಗ್ಯಾರೇಜಿನವನು, ಬ್ಲಾಗೊಯ ಅಂತ, ಒಂದು ತಿಂಗಳು ತೆಗೆದುಕೊಂಡು ಸರಿಯಾಗಿ ಸಂಘದ ಭಾನುವಾರದ ಹಿಂದಿನ ದಿನ ವ್ಯಾನು ಕೊಟ್ಟ.

"ಎಲ್ಲಾ ಸರಿ ಇದೆ. ಸೀಟು ಮಾತ್ರ ಅಲ್ಲಾಡಲ್ಲ, ಅದಕ್ಕೆ ರಿಮೋಟ್ ಬೇಕು. ಎಲ್ಲಿದೆ?" ಅಂದ.

"ಗಾಡೀಲಿ ಇರುತ್ತಲ್ಲ?"

"ಗಾಡೀಲಿ ಏನೂ ಇಲ್ಲ ಸ್ವಾಮಿ. ಜಾಕ್ ಇಲ್ಲ, ಮ್ಯಾಟ್ ಇಲ್ಲ, ಸ್ಟೆಪ್ನಿ ಇಲ್ಲ. ನನ್ನ ಜನ್ಮದಲ್ಲಿ ಇಷ್ಟು ಖಾಲಿ ಗಾಡಿ ನೋಡಿಲ್ಲ. ಯಾರೋ ಕದ್ದಿದಾರೆ."

ನನ್ನ ಹದಿನೇಳನೆಯ ಆಜ್ಞೆ ನೆನಪಾಯಿತು. ಮನೆಗೆ ಬಂದು ನೋಲೀನಳಿಗೆ ಹೇಳಿದೆ.

"ಒಂದೂ ಇರಕೂಡದು ಅಂತ ಬರೆದ್ಯಾ?"

"ಹುಲ್ಲಿನ ಬೀಜಕ್ಕೆ ಹೆದರಿ ಬರೆದೆ ಕಣೇ."

"ರಿಮೋಟಿಂದ ಹುಲ್ಲು ಹುಟ್ಟುತ್ತಾ ಮರ್ವ್? ಅಮ್ಮ ಈಜುಡುಗೆ ಇಸ್ತ್ರಿ ಮಾಡಿಟ್ಟಿದಾರೆ. ಇಸ್ತ್ರಿ! ಹೋಗಿ ನೀನೇ ಹೇಳು ಅವರಿಗೆ."

ಹೇಳಲು ಹೋದೆ. ಅತ್ತೆ ಟೋಪಿಯ ಪಟ್ಟಿ ಹೊಲಿಯುತ್ತಿದ್ದರು. "ನಾಳೆ ಎಷ್ಟೊತ್ತಿಗೆ ಹೊರಡೋದು?" ಅಂದರು. "ಎಂಟೂಕಾಲು" ಅಂದು ವಾಪಸು ಬಂದೆ.

ಭಾನುವಾರ ಬೆಳಿಗ್ಗೆ ಏಳಕ್ಕೇ ಸ್ಪ್ಯಾನರು, ತಂತಿ, ಸುತ್ತಿಗೆ ಸಮೇತ ವ್ಯಾನಿಗೆ ನುಗ್ಗಿದೆ. ಉಕ್ಕನ್ನೇ ಬಗ್ಗಿಸಿದವನಿಗೆ ಒಂದು ಕುರ್ಚಿ ಎಷ್ಟರದು? ಎಡಬಾಗಿಲು ಪೂರ್ತಿ ತೆರೆದು, ಆ ಆಸನದಲ್ಲಿ ಕೂತು, ಬೆಲ್ಟು ಬಿಗಿದುಕೊಂಡು (ಬೆಲ್ಟು ಹಾಕದಿದ್ದರೆ ಅದು ಕದಲುವುದಿಲ್ಲ ಅಂತ ಎಲ್ಲೋ ಓದಿದ್ದೆ), ಬಗ್ಗಿ, ಕೆಳಗಿನ ಮೋಟಾರಿನ ಪೆಟ್ಟಿಗೆಗೆ ಸ್ಪ್ಯಾನರಿನಿಂದ ಒಂದು ಕೊಟ್ಟೆ.

ಆಸನ ಗುಂಯ್ ಅಂತ ತಿರುಗಿತು!

"ನೋಲೀನ್! ಬಾರೇ! ರಿಪೇರಿ ಆಯ್ತು!"

ಅದು ಗಂಭೀರವಾಗಿ ನನ್ನನ್ನು ಹೊರಗೆ ಚಾಚಿತು. ನೋಲೀನ್ ಟೋಸ್ಟು ಕಚ್ಚಿಕೊಂಡೇ ಓಡಿ ಬಂದಳು. "ಏನು ಮಾಡಿದೆ?" "ಅನುಭವ ಕಣೇ, ಮೂವತ್ತೆಂಟು ವರ್ಷದ್ದು. ಎಲ್ಲಿ ಹೊಡೀಬೇಕು ಅಂತ ಗೊತ್ತಿರಬೇಕು" ಅನ್ನುವಷ್ಟರಲ್ಲಿ ಆಸನ ಮೇಲೇರಿತು. ಮತ್ತೊಂದು ಪೆಟ್ಟು ಕೊಟ್ಟೆ. ಕೆಳಗಿಳಿಯಿತು. ಪೆಟ್ಟು ಕೊಡದೆಯೇ ಮೇಲೇರಿತು. ಕೆಳಗೆ. ಮೇಲೆ. ಎದುರು ಮನೆಯವರು ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ ಪೈಪು ಹಿಡಿದೇ ನೋಡತೊಡಗಿದರು. ಕೊನೆಗೆ ನಾನು ಅತ್ಯುನ್ನತ ಸ್ಥಾನದಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ, ಕಾಲು ನೇತಾಡಿಸಿಕೊಂಡು ಇರುವಾಗ ಅದು ನಿಂತೇಹೋಯಿತು. ಬೆಲ್ಟಿನ ಕೊಂಡಿ ಆಸನಕ್ಕೂ ಬಾಗಿಲ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡು ಕೈಗೆ ಎಟುಕಲಿಲ್ಲ.

ಆಗ ಹಿತ್ತಲಿನ ಮನೆಯ ಕಿಟಕಿಯಿಂದ ಅತ್ತೆಯ ದನಿ ಬಂತು: "ಮರ್ವ್! ಈ ರಿಮೋಟ್ ಯಾವ ಕೆಲಸಕ್ಕೂ ಬರಲ್ಲ ಕಣೋ! ಮೇಲೆ ಒತ್ತಿದೆ, ಕೆಳಗೆ ಒತ್ತಿದೆ, ವಾರ್ತೆ ಓದೋನು ಹಾಗೇ ಕಿರುಚ್ತಾ ಇದಾನೆ!"

ನೋಲೀನ್ ನನ್ನನ್ನು ನೋಡಿದಳು. ಕಿಟಕಿ ನೋಡಿದಳು. ಟೋಸ್ಟು ಕೆಳಗೆ ಬಿತ್ತು.

"ಮರ್ವ್, ಅಮ್ಮನಿಗೆ ಆ ರಿಮೋಟು ತರಿಸಿಕೊಟ್ಟೋರು ಯಾರು?"

"ನೀನಲ್ವಾ?"

"ಅವರು ನೀನು ಅಂದ್ರು. ನೀನೂ ಹೂಂ ಅಂದ್ಯಂತೆ!"

ಅವಳು ಅತ್ತ ಓಡಿದಳು. ನಾನು ಎಲ್ಲಿಗೆ ಓಡಲಿ? ಜೇಬಿನಲ್ಲಿ ಫೋನಿತ್ತು. ಅಂತರಿಕ್ಷದಲ್ಲಿ ಕೂತು, ಉಜಿತಾ ಅವರ ಫೆಬ್ರವರಿಯ ಪತ್ರವನ್ನು ಜೀವನದಲ್ಲಿ ಮೊದಲ ಬಾರಿಗೆ ಮೂರನೆಯ ಪುಟ ದಾಟಿ ಓದಿದೆ. "ತಮ್ಮ ಹದಿನೇಳನೆಯ ಸೂಚನೆಯನ್ನು ಗೌರವಿಸಿ, ಬಿಡಿ ವಸ್ತುಗಳನ್ನೆಲ್ಲ ಹೊರತೆಗೆದಿದ್ದೇವೆ. ಭಾರವಾದವು ಮುಂದಿನ ಹಡಗಿನಲ್ಲಿ ಬರುತ್ತವೆ. ಆಸನದ ರಿಮೋಟನ್ನು ಮಾತ್ರ ಮಹಾರಾಣಿಯವರ ಹೆಸರಿಗೇ ಅಂಚೆಯಲ್ಲಿ ಕಳಿಸಿದ್ದೇವೆ. ಅದು ಅವರ ಕೈಯಲ್ಲಿರುವುದೇ ಯೋಗ್ಯ. ಅವರು ಹೋಗಬೇಕೆಂದ ಕಡೆಗೆಲ್ಲ ಹೋಗುವಂತಾಗಲಿ." ನನಗೆ ನಾಚಿಕೆಯಾಯಿತು. ಕಂಡು ಕೇಳರಿಯದ ಮುದುಕಿಯೊಬ್ಬಳಿಗಾಗಿ ಆ ಮನುಷ್ಯ ಅಷ್ಟು ಯೋಚಿಸಿದ್ದರು, ನಾನು ಬಿಸಿಲು ಓದಿ ಮುಚ್ಚಿಟ್ಟಿದ್ದೆ. ಕಣ್ಣು ತುಂಬಿತು. ಒರೆಸಿಕೊಳ್ಳಲು ಒಂದು ಕೈ ಮಾತ್ರ ಬಿಡುವಿತ್ತು.

ಅತ್ತೆ ವಾಕರು ತಳ್ಳಿಕೊಂಡು ಬಂದರು. ಇಸ್ತ್ರಿ ಮಾಡಿದ ಈಜುಡುಗೆ, ಮೇಲೊಂದು ಗೌನು, ಕೈಯಲ್ಲಿ ರಿಮೋಟು. ನನ್ನತ್ತ ಗುರಿಯಿಟ್ಟು ಒತ್ತಿದರು. ಏನೂ ಆಗಲಿಲ್ಲ.

"ಸೆಲ್ ಸತ್ತಿದೆ. ಯಾರು ಹಾಕಿದ್ದೋ ಇದನ್ನ?"

"ನಾನೇ ಅತ್ತೆ. ಟಾರ್ಚಿಂದು."

"ಅಲ್ಲೇ ಇರು ಹಾಗಾದ್ರೆ." ಎಂಬತ್ತಾರರ ಹೆಂಗಸು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಸೊಂಟ ಮುರಿದ ಮೇಲಂತೂ ನಕ್ಕೇ ಇರಲಿಲ್ಲ. ನೋಲೀನ್ ಗಡಿಯಾರದ ಸೆಲ್ ಕಿತ್ತು ತಂದು ಹಾಕಿದಳು. ಆಸನ ನನ್ನನ್ನು ಮೆಲ್ಲಗೆ ಇಳಿಸಿತು, ಅತ್ತೆಯನ್ನು ಅದಕ್ಕಿಂತ ಮೆಲ್ಲಗೆ ಎತ್ತಿಕೊಂಡಿತು. ಒಳಗೆ ಸೇರಿದ ಮೇಲೆ ಅವರು ಕಿಟಕಿಯ ಗಾಜು ಇಳಿಸಿ, ಒಂಬತ್ತು ತಿಂಗಳ ನಂತರ ಬೀದಿಯನ್ನು ನೋಡಿದರು. "ಹೊರಡು ಮಗಾ" ಅಂದರು. ಅಷ್ಟೇ.

ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಅವರ ಪಾದ ಕೊಳದ ಮೆಟ್ಟಿಲ ಮೇಲೆ ನೀರಿನೊಳಗಿತ್ತು. ಒಂದು ಕಡೆ ನೋಲೀನ್, ಇನ್ನೊಂದು ಕಡೆ ನಾನು. ಸಂಘದ ಮುದುಕಿಯರೆಲ್ಲ ಸುತ್ತ ನಿಂತು ಚಪ್ಪಾಳೆ ಹೊಡೆದರು. ಹಲಗೆಯ ಮೇಲೆ ನಲವತ್ತೆರಡನೆಯ ವರ್ಷದ ಗುರುತು ಖಾತ್ರಿಯಾಯಿತು. ನಾನು ಈ ಭೂಮಿಯ ಮೇಲೆ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದೇ ಇರಬೇಕು, ಅದೂ ನನ್ನ ಪ್ರಯತ್ನಗಳನ್ನೆಲ್ಲ ಮೀರಿ ಆದದ್ದು. ನಗೋಯಾದ ದಿಕ್ಕು ಯಾವುದೆಂದು ಅಂದಾಜು ಮಾಡಿ ಆ ಕಡೆ ಟೋಪಿ ತೆಗೆದೆ.

"ಟೋಪಿ ತೆಗೆದದ್ದು ಒಳ್ಳೇದಾಯ್ತು. ಅಂಗಿನೂ ತೆಗಿ" ಅಂದರು ಅತ್ತೆ.

"ಯಾಕತ್ತೆ?"

"ಪಾದ ಮಾತ್ರ ಅದ್ದೋರ ಬದಲಿಗೆ ಮನೆಯೋರು ಒಬ್ಬರು ಪೂರ್ತಿ ಮುಳುಗಬೇಕು, ಸಂಘದ ನಿಯಮ. ಮಾರ್ಚಲ್ಲೇ ನಿನ್ನ ಹೆಸರು ಕೊಟ್ಟಿದೀನಿ. ಕೇಳದೇ ರಿಮೋಟು ತರಿಸಿಕೊಡೋ ಅಂಥ ಅಳಿಯ, ಇಷ್ಟೂ ಮಾಡಲ್ವಾ ಅಂತ."

"ಒಂದು ಸಲ ತಾನೆ?"

"ಹೊಸಬರಿಗೆ ಚಳಿಗಾಲ ಪೂರ್ತಿ, ನಾಲ್ಕರಲ್ಲಿ ಮೂರು ಭಾನುವಾರ" ಅಂದಳು ನೋಲೀನ್, ನನ್ನ ಟವೆಲನ್ನು ಚೀಲದಿಂದ ತೆಗೆಯುತ್ತ. (ಟವೆಲು ತಂದಿದ್ದಳು! ಅವಳಿಗೂ ಗೊತ್ತಿತ್ತು!) "ಐದು ವರ್ಷ. ಆಮೇಲೆ ನಿನ್ನ ಹೆಸರೂ ಹಲಗೆ ಮೇಲೆ ಬರುತ್ತೆ."

ಸೀಟಿ ಊದಿದರು. ಮಂಜುಗಡ್ಡೆಯ ಜೊತೆಗೆ ನಾನೂ ಬಿದ್ದೆ. ಎದ್ದು ಬಂದಾಗ ಮಂಡಿ ಮಡಚದು, ಹಲ್ಲು ನಿಲ್ಲದು. ಅತ್ತೆ ವಾಕರಿಗೆ ಒರಗಿ ನಿಂತು, ವ್ಯಾನಿನ ಕಡೆ ರಿಮೋಟು ತೋರಿಸಿ, ಸಿಂಹಾಸನವನ್ನು ನನಗಾಗಿ ಇಳಿಸಿದರು. "ಮೊದಲು ನೀನು ಕೂತು ಬೆಚ್ಚಗಾಗು. ನಾನು ಸ್ವಲ್ಪ ಹೊತ್ತು ಸಮುದ್ರ ನೋಡ್ತೀನಿ."

ಅಂದೇ ಉಜಿತಾ ಅವರಿಗೆ ಕೃತಜ್ಞತೆಯ ಪತ್ರ ಬರೆದೆ, ಐದು ಪುಟ. ಮೊದಲ ಎರಡು ಪುಟ ಹವಾಮಾನ, ಮುಖ್ಯವಾಗಿ ನೀರಿನದು. ದಯವಿಟ್ಟು ಕೊನೆಯ ತನಕ ಓದಬೇಕೆಂದು ಮೇಲೆಯೇ ವಿನಂತಿಸಿದ್ದೇನೆ. ಕೊನೆಯ ಸಾಲಿನಲ್ಲಿ ಒಂದು ವಿಚಾರಣೆ ಇದೆ: ಆ ಆಸನಕ್ಕೆ ಬೆನ್ನು ಬಿಸಿ ಮಾಡುವ ವ್ಯವಸ್ಥೆ ಸಿಗುತ್ತದೆಯೇ, ಸಿಕ್ಕರೆ ಮುಂದಿನ ಭಾನುವಾರದೊಳಗೆ ತಲುಪುತ್ತದೆಯೇ?