ಕಾಲು ತೆಗೆದರೆ ನಿಲ್ಲುವ ಕಾರು

ಕಪ್ಪುಹಲಗೆಯ ಮೇಲೆ ಇಂಜಿನ್ನಿನ ಚಿತ್ರ ಬರೆಯಬಲ್ಲವನು ನಿಜವಾದ ಇಂಜಿನ್ನನ್ನೂ ಬಿಚ್ಚಿ ಜೋಡಿಸಬಲ್ಲ ಎಂಬ ಭ್ರಮೆ ಬಹಳ ಅಪಾಯದ್ದು. ಎಪ್ಪತ್ತರ ದಶಕದ ಕೊನೆಯಲ್ಲಿ ಹಳೇಬೀಡಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ನನಗೆ ಈ ಭ್ರಮೆ ಪೂರ್ತಿಯಾಗಿ ಹಿಡಿದಿತ್ತು. ಬೇಲೂರಿನ ಕಾಫಿ ಪ್ಲಾಂಟರೊಬ್ಬರು ಬೇಸತ್ತು ಮಾರಿದ ಹಳೆಯ ಕಾರೊಂದನ್ನು ಕೊಂಡುಕೊಂಡಿದ್ದೆ. ಪ್ರತಿ ಭಾನುವಾರ ಅದರ ಯಾವುದಾದರೊಂದು ಭಾಗವನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸದಿದ್ದರೆ ಊಟ ರುಚಿಸುತ್ತಿರಲಿಲ್ಲ. “ಅದರ ಪಾಡಿಗೆ ಅದನ್ನ ಬಿಡ್ರೀ, ಚೆನ್ನಾಗೇ ಓಡ್ತಿದೆ” ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಯಂತ್ರಶಾಸ್ತ್ರ ತಿಳಿಯದವರ ಮಾತೆಂದು ನಕ್ಕುಬಿಡುತ್ತಿದ್ದೆ.

ನಮ್ಮ ಪಕ್ಕದ ಮನೆಯ ನೇಮಿರಾಜಯ್ಯನವರದು ಅಕ್ಕಿ ಗಿರಣಿ. ಅವರ ಮಗಳು ಸುಮತಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳಿಗೆ ಹುಬ್ಬಳ್ಳಿಯಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಸಿಕ್ಕಿತು. ಅಂಚೆಯವನ ಕೃಪೆಯಿಂದ ಆರ್ಡರು ಕೈಸೇರುವ ಹೊತ್ತಿಗೆ ಉಳಿದಿದ್ದು ಒಂದೇ ದಿನ. ಮರುದಿನ ಬೆಳಿಗ್ಗೆ ಹಾಜರಾಗದಿದ್ದರೆ ಆ ಕೆಲಸ ಬೇರೆಯವರ ಪಾಲು. ಸಂಜೆ ಐದೂವರೆಗೆ ಅರಸೀಕೆರೆಯಲ್ಲಿ ರೈಲು ಹಿಡಿಯಬೇಕು. ಅಪ್ಪ, ಮಗಳು ಟ್ರಂಕು ಹಿಡಿದು ಎರಡು ಗಂಟೆಯ ಬಸ್ಸಿಗೆ ಹೊರಟು ನಿಂತಿದ್ದಾಗ ನಾನೇ ಅಡ್ಡ ಬಂದೆ. “ಮನೇಲಿ ಕಾರಿರುವಾಗ ಬಸ್ಸೇಕೆ? ಆರಾಮಾಗಿ ಮೂರೂವರೆಗೆ ಹೊರಡೋಣ.” ಬಸ್ಸು ಹೋಯಿತು. ಸಂಜೆಯವರೆಗೆ ಅತ್ತ ಕಡೆಗೆ ಬೇರೆ ಬಸ್ಸಿರಲಿಲ್ಲ.

ಮೂರೂವರೆಗೆ ಕಾರು ಸ್ಟಾರ್ಟ್ ಆಗಲಿಲ್ಲ. ಕಾರಿನ ಮೂತಿಯ ತೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದೆ. ಷರಟು ಬೆನ್ನಿಗೆ ಅಂಟಿತು. ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಚೋಕನ್ನು ಪೂರ್ತಿ ಎಳೆದ ಮೇಲೆ ಇಂಜಿನ್ ಒಮ್ಮೆ ಅಬ್ಬರಿಸಿ ಎದ್ದಿತು. ಚೋಕನ್ನು ಒಳಗೆ ತಳ್ಳಿದರೆ ನಿಂತುಬಿಡುತ್ತದೆ. ಆಕ್ಸಿಲರೇಟರ್ ಒತ್ತಿಕೊಂಡೇ ಇದ್ದರೆ ಉಸಿರಾಡುತ್ತದೆ. ಕಾಲು ತೆಗೆದರೆ ಮುಗಿಯಿತು. “ಏನೂ ಇಲ್ಲ, ತಣ್ಣಗಿದೆ. ಬಿಸಿಯಾದರೆ ಸರಿಹೋಗುತ್ತೆ” ಎಂದೆ. ಅದು ಬಿಸಿಯಾಯಿತು, ಸರಿಹೋಗಲಿಲ್ಲ. ಎತ್ತಿನ ಗಾಡಿಗಳನ್ನೂ ಹಳ್ಳಗಳನ್ನೂ ಬ್ರೇಕ್ ಒತ್ತದೆ ದಾಟುತ್ತಾ ಹೇಗೋ ಜಾವಗಲ್ ದಾಟಿದೆ. ಮುಂದೆ ರಸ್ತೆಯ ತುಂಬ ಕುರಿ. ಬ್ರೇಕ್ ಒತ್ತಲು ಕಾಲೆತ್ತಿದೆ. ಕಾರು ನಿಂತಿತು, ಇಂಜಿನ್ನೂ ನಿಂತಿತು.

ಗಂಟೆ ನಾಲ್ಕೂಕಾಲು. ಕುರಿಗಳು ಹೋದವು, ನಾವು ಉಳಿದೆವು. ಪ್ಲಗ್ ಬಿಚ್ಚಿ ಕಿಡಿ ಬರುತ್ತದೋ ಎಂದು ನೋಡಿದೆ. ಬರುತ್ತಿತ್ತು. ಅದು ನನ್ನ ಮೊಣಕೈವರೆಗೂ ಬಂತು. ಪೆಟ್ರೋಲ್ ಪೈಪ್ ಬಿಚ್ಚಿದೆ, ಪೆಟ್ರೋಲೂ ಬರುತ್ತಿತ್ತು. ನನಗೆ ತಿಳಿದಿದ್ದ ಕಾಯಿಲೆಗಳು ಅವೆರಡೇ. “ಬ್ಯಾಟರಿ ಇರಬೇಕು” ಎಂದು ಗೊಣಗಿದೆ. ನೇಮಿರಾಜಯ್ಯನವರು ಗಡಿಯಾರ ನೋಡಿಕೊಂಡು, “ಮೇಷ್ಟ್ರೇ, ನಡೆದುಕೊಂಡು ಹೋಗೋ ದೂರ ಅಲ್ಲವಲ್ಲ” ಎಂದರು. ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಸುಮತಿ ಕಾರಿನಿಂದ ಇಳಿದಳು. “ಸಾರ್, ಇನ್ನೊಂದು ಸಲ ಸ್ಟಾರ್ಟ್ ಮಾಡಿ. ಅಪ್ಪ, ನೀನು ಆಕ್ಸಿಲರೇಟರ್ ಒತ್ತಿಕೊಂಡಿರು.” ಅವರು ಚೇಳನ್ನು ತುಳಿದಂತೆ ಅದನ್ನು ತುಳಿದು ಕೂತರು. ನಾನು ಹ್ಯಾಂಡಲ್ ತಿರುಗಿಸಿದೆ. ಇಂಜಿನ್ ಎದ್ದಿತು. ಅವಳು ಬಾನೆಟ್ಟಿನೊಳಗೆ ಕಿವಿಗೊಟ್ಟು, “ಎಲ್ಲೋ ಸುಸ್ ಅಂತಿದೆ. ನಮ್ಮ ಮಿಲ್ಲಿನ ಇಂಜಿನ್ನೂ ಸಂದಿಯ ಪ್ಯಾಕಿಂಗ್ ಹರಿದಾಗ ಹೀಗೇ ಅನ್ನುತ್ತೆ” ಎಂದಳು. ಎಣ್ಣೆಯ ಡಬ್ಬಿ ಕೇಳಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಬುಡದ ಸುತ್ತ ನಾಲ್ಕು ಹನಿ ಬಿಟ್ಟಳು. ಎಣ್ಣೆಯನ್ನು ಅದು ಒಳಗೆ ಎಳೆದುಕೊಂಡಿತು, ಇಂಜಿನ್ನಿನ ಸದ್ದು ಒಂದು ಕ್ಷಣ ಸಮವಾಯಿತು. “ಗಾಳಿ ಇಲ್ಲಿಂದ ನುಗ್ಗುತ್ತಿದೆ. ಸಾರ್, ಇದನ್ನ ಯಾರಾದರೂ ಬಿಚ್ಚಿದ್ರಾ?”

ಹಿಂದಿನ ಭಾನುವಾರ ನಾನೇ ಬಿಚ್ಚಿದ್ದೆ. ಗಾಳಿ ಸೋರದಂತೆ ಅದರ ಅಡಿಗೆ ಇಡುವ ರಟ್ಟಿನ ಪ್ಯಾಕಿಂಗ್ ಒಂದಿಷ್ಟು ಹರಿದಿದ್ದನ್ನು ಕಂಡೂ, ಇರಲಿ ಎಂದು ಹಾಗೇ ಕೂಡಿಸಿದ್ದೆ. “ನೆನಪಿಲ್ಲಮ್ಮ” ಎಂದೆ.

ಅವಳು ಟ್ರಂಕು ತೆರೆದು, ಹೊಸ ಸೀರೆಯ ರಟ್ಟಿನ ಪೆಟ್ಟಿಗೆಯನ್ನು ಹರಿದಳು. ನನ್ನಿಂದ ಸ್ಪ್ಯಾನರು ಇಸಿದುಕೊಂಡು ಬಿಚ್ಚಿದ ಕಾರ್ಬ್ಯುರೇಟರಿನ ಎಣ್ಣೆ ಮೆತ್ತಿದ ಬುಡವನ್ನು ರಟ್ಟಿಗೆ ಒತ್ತಿದಾಗ ಅದರ ಆಕಾರ ಅಚ್ಚಾಗಿ ಮೂಡಿತು. ಬ್ಲೇಡಿನಿಂದ ಅದನ್ನು ಕೊರೆದು, ಎರಡೂ ಬದಿಗೆ ಬಟ್ಟೆ ಸೋಪು ತಿಕ್ಕಿ ಕೂರಿಸಿದಳು. ಕೊನೆಯ ನಟ್ಟು ಬಿಗಿಯಾಗುವಾಗ ಗಂಟೆ ನಾಲ್ಕೂಮುಕ್ಕಾಲು. ನಾನು ಮತ್ತೆ ಹ್ಯಾಂಡಲ್ ಹಿಡಿದೆ. ಒಂದೇ ತಿರುವಿಗೆ ಇಂಜಿನ್ ಹಿಡಿಯಿತು. ನೇಮಿರಾಜಯ್ಯನವರು ಹೆದರಿ ಹೆದರಿ ಕಾಲೆತ್ತಿದರು. ಇಂಜಿನ್ ನಿಲ್ಲಲಿಲ್ಲ.

ಅರಸೀಕೆರೆ ಸ್ಟೇಷನ್ ತಲುಪಿದಾಗ ಗಾರ್ಡು ಬಾವುಟ ಬೀಸುತ್ತಿದ್ದ. ಮಸಿ ಹತ್ತಿದ ಕೈಯಲ್ಲೇ ಸುಮತಿ ಹತ್ತಿಕೊಂಡಳು. ಟ್ರಂಕನ್ನು ನಾನು ಓಡುತ್ತಾ ಬಾಗಿಲಿನೊಳಗೆ ತುರುಕಿದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಈ ಕಥೆ ಹೇಳುವಾಗ “ದಾರಿಯಲ್ಲೇ ಪ್ಯಾಕಿಂಗ್ ಕೊರೆದು ಸರಿಮಾಡಿದೆವು” ಎಂದೆ. ತಿಂಗಳೆರಡು ಕಳೆಯುವುದರೊಳಗೆ ಅದು “ಸರಿಮಾಡಿದೆ” ಎಂದಾಯಿತು. ಒಂದಕ್ಷರ ಎಲ್ಲಿ ಉದುರಿತೋ ನನಗೇ ತಿಳಿಯಲಿಲ್ಲ. ದೀಪಾವಳಿಗೆ ಬಂದ ನೆಂಟರಿಗೆ ಜಗಲಿಯ ಮೇಲೆ ಕೂತು, ಎಣ್ಣೆಯ ಹನಿ ಬಿಟ್ಟದ್ದನ್ನು ಕೈಸನ್ನೆ ಸಹಿತ ವರ್ಣಿಸುತ್ತಿದ್ದೆ. ರಜೆಗೆ ಬಂದಿದ್ದ ಸುಮತಿ ಯಾವಾಗ ಗೇಟಿನ ಬಳಿ ಬಂದು ನಿಂತಿದ್ದಳೋ, “ಆಮೇಲೇನಾಯ್ತು ಸಾರ್?” ಎಂದಳು.

“ಬಾಮ್ಮ, ಮುಂದಿನದು ನೀನೇ ಹೇಳು” ಎಂದೆ, ಬೇರೆ ದಾರಿ ಕಾಣದೆ.

ಅವಳು ಬಂದು ಕೂತಳು. “ಸಾರ್ ಇರದಿದ್ರೆ ನಂಗೆ ಬಹಳ ಕಷ್ಟ ಆಗೋದು. ಸ್ಪ್ಯಾನರುಗಳನ್ನೆಲ್ಲ ಸರಿಯಾದ ಹೊತ್ತಿಗೆ ಕೈಗೆ ಕೊಡ್ತಿದ್ರು” ಎಂದಳು. ನೆಂಟರೆಲ್ಲ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.